ಗ್ರೇಟೆಸ್ಟ್ ಹಿಟ್ಸ್ ಕಪಾಟಿಗೆ ಇನ್ನು ಮುಂದೆ ಎರಡೇ ದರದ ಪದ್ಧತಿ ಇಲ್ಲ

ಮಾನ್ಯ ಗ್ರಾಹಕರೇ,

ನಮ್ಮ ರೆಕಾರ್ಡ್ ಅಂಗಡಿಯ ಎಡಗೋಡೆಗೆ ಇರುವ ‘ಗ್ರೇಟೆಸ್ಟ್ ಹಿಟ್ಸ್’ (ಒಬ್ಬ ಗಾಯಕರ ಅಥವಾ ತಂಡದ ಜನಪ್ರಿಯ ಹಾಡುಗಳ ಸಂಕಲನ) ಕಪಾಟಿನ ರಾಕ್ ಎಲ್‌ಪಿಗಳನ್ನು, ಅಂದರೆ ಬದಿಗೆ ಹಲವು ಹಾಡು ಹಿಡಿಯುವ ದೊಡ್ಡ ಗ್ರಾಮಫೋನ್ ತಟ್ಟೆಗಳನ್ನು, ಇಷ್ಟು ಕಾಲ ಎರಡೇ ದರಕ್ಕೆ ಮಾರುತ್ತಿದ್ದೆವು: ಹೊಸದಕ್ಕೆ ಒಂದು, ಬಳಸಿದ್ದಕ್ಕೆ ಇನ್ನೊಂದು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಈ ಪದ್ಧತಿ ಇರುವುದಿಲ್ಲ. ಪ್ರತಿ ರೆಕಾರ್ಡಿಗೂ ಅದರದೇ ಬೆಲೆ, ಹೊದಿಕೆಯ ಬೆನ್ನಿಗೆ ಒಂದು ಚೀಟಿ. ತಯಾರಾದ ದೇಶ, ಆವೃತ್ತಿಯ ವರ್ಷ, ತಟ್ಟೆಗಳೆಷ್ಟು, ಯಾವ ಯಾವ ಹಾಡು, ಒಂದೊಂದು ಬದಿಗೆ ಎಷ್ಟು ನಿಮಿಷ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕೆಲವು ರೆಕಾರ್ಡುಗಳ ಬೆಲೆ ಏರಲಿದೆ, ಮುಚ್ಚಿಡುವುದಿಲ್ಲ. ಕೆಲವುದರ ಬೆಲೆ ಇಳಿಯಲಿದೆ.

ಹೆಸರು ಒಂದೇ ಆದರೂ ಒಳಗಿನ ಸರಕು ಒಂದೇ ಅಲ್ಲ ಎಂಬುದೇ ಇದಕ್ಕೆ ಕಾರಣ. ಕ್ವೀನ್ ತಂಡದ ‘ಗ್ರೇಟೆಸ್ಟ್ ಹಿಟ್ಸ್’ ನೋಡಿ. 1981ರಲ್ಲಿ ಬಂದ ಈ ಸಂಕಲನ ಬ್ರಿಟನ್ನಿನಲ್ಲಿ ಇಂದಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಅಲ್ಲಿನ ಆವೃತ್ತಿಯಲ್ಲಿ 17 ಹಾಡುಗಳಿದ್ದರೂ ‘ಅಂಡರ್ ಪ್ರೆಷರ್’ ಇಲ್ಲ. ಅದೇ ವರ್ಷದ ಅಮೆರಿಕದ ಆವೃತ್ತಿಯಲ್ಲಿ ಅದು ಇದೆ, ಬೇರೆ ಕೆಲವು ಹಾಡುಗಳಿಲ್ಲ. ‘ಕ್ವೀನ್ ಗ್ರೇಟೆಸ್ಟ್ ಹಿಟ್ಸ್ ಕೊಡಿ’ ಎಂದರೆ ಯಾವುದನ್ನು ಕೊಡುವುದು?

ಹಾಡಿನ ಪಟ್ಟಿಗಿಂತ ದೊಡ್ಡ ತೊಡಕು ನಿಮಿಷಗಳದು. ಎಲ್‌ಪಿಯ ಒಂದು ಬದಿಗೆ ಸುಮಾರು 20 ನಿಮಿಷ ಹಿತವಾದ ಅಳತೆ. ಬ್ರಿಟನ್ನಿನ ಆ ಕ್ವೀನ್ ತಟ್ಟೆಯಲ್ಲಿ ಬದಿಗೆ 29 ನಿಮಿಷದಷ್ಟು ಸಂಗೀತವನ್ನು ಹಬ್ಬದ ಹಿಂದಿನ ದಿನದ ಬಸ್ಸಿನಂತೆ ತುಂಬಿದ್ದಾರೆ. ಅಷ್ಟು ಹಿಡಿಸಬೇಕಾದರೆ ಪ್ಲೇಯರಿನ ಮುಳ್ಳು ಓಡುವ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಪಕ್ಕದ ಗೆರೆಗೆ ತಾಗದಿರಲು ದನಿಯ ಮಟ್ಟ ತಗ್ಗಿಸಬೇಕು, ಬೇಸ್ (ತಗ್ಗು ಸ್ವರಗಳು) ಇಳಿಸಬೇಕು. ಮನೆಯಲ್ಲಿ ನೀವು ದನಿ ಏರಿಸುತ್ತೀರಿ, ಜೊತೆಗೆ ಕರಕರ ಸದ್ದೂ ಏರುತ್ತದೆ. ಇನ್ನೂ ಒಂದು ವಿಷಯವಿದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸಾಗುತ್ತದೆ. ಲೇಬಲ್ಲಿನ ಹತ್ತಿರ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಹೊತ್ತಿನ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂರಬೇಕು. ಎರಡನೆಯ ಬದಿಯ ತೀರಾ ಕೊನೆಗೆ, ಅಂದರೆ ಜಾಗ ಅತ್ಯಂತ ಕಿರಿದಾದಲ್ಲಿ, ಇಟ್ಟಿರುವ ಹಾಡು ‘ವಿ ಆರ್ ದ ಚಾಂಪಿಯನ್ಸ್’! ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳು ಲೇಬಲ್ಲಿನ ಹತ್ತಿರದವರೆಗೂ ಹೋಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಇದೇ ಸಂಕಲನ ಈಗ ಎರಡು ತಟ್ಟೆಗಳಲ್ಲಿಯೂ ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಡ್ರಮ್ಮಿನ ಪೆಟ್ಟು ಎದೆಗೆ ತಾಗುತ್ತದೆ. ಹೊಸ ರೆಕಾರ್ಡುಗಳಲ್ಲಿ ಬದಿಗೆ 25 ನಿಮಿಷ ದಾಟುವ ಒಂಟಿ ತಟ್ಟೆಯ ಸಂಕಲನಗಳನ್ನು ಇನ್ನು ನಾವಾಗಿ ತರಿಸುವುದಿಲ್ಲ. ಬೇಕೆಂದವರಿಗೆ ಮಾತ್ರ ತರಿಸಿಕೊಡುತ್ತೇವೆ.

ಸಂಕಲನಗಳನ್ನೇ ಕೀಳಾಗಿ ಕಾಣುವ ಗ್ರಾಹಕರು ನಮ್ಮಲ್ಲಿ ಇದ್ದಾರೆ, ಅವರೊಡನೆ ನಮ್ಮ ಜಗಳ ಹಳೆಯದು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 1976ರ ‘ಕ್ರಾನಿಕಲ್’ 20 ಹಾಡುಗಳನ್ನು ಎರಡು ತಟ್ಟೆಗಳಲ್ಲಿ ಉಸಿರಾಡಲು ಬಿಟ್ಟ ಸಂಕಲನ. ಅದನ್ನು ಕೇಳಿದ ಮೇಲೂ ಮೂಗು ಮುರಿಯುವವರಿಗೆ ನಾವು ಚಹಾ ಕೊಡುವುದಿಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ನಮ್ಮ ಅರಮನೆ ಮೈದಾನಕ್ಕೆ ಬಂದದ್ದು ಕೂಡ ‘ಫಾರ್ಟಿ ಲಿಕ್ಸ್’ ಎಂಬ ಸಂಕಲನದ ಬೆನ್ನಿಗೇ ಹೊರಟ ಪ್ರವಾಸದಲ್ಲಿ.

ಬೆಲೆ ಇಳಿಯುವವುಗಳಲ್ಲಿ ಮೊದಲನೆಯದು ಈಗಲ್ಸ್ ತಂಡದ 1971–1975ರ ಹಾಡುಗಳ ಸಂಕಲನ. 1976ರ ಫೆಬ್ರುವರಿಯಲ್ಲಿ ಬಂದ ಇದು ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆ (ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವಂಥದ್ದು) ಪಡೆದ ಮೊಟ್ಟಮೊದಲ ಆಲ್ಬಂ. ಕೋಟಿಗಟ್ಟಲೆ ಮಾರಾಟವಾದ್ದರಿಂದ ಬಳಸಿದ ಪ್ರತಿಗಳಿಗೆ ಬರವಿಲ್ಲ, ದುಬಾರಿಗೆ ಮಾರಲು ನಮಗೆ ನೆಪವೂ ಇಲ್ಲ. ಹತ್ತು ಹಾಡುಗಳಷ್ಟೇ ಇರುವುದರಿಂದ ಒಂದೇ ತಟ್ಟೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಮಾತ್ರ ಅದರಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ: ಆ ಹೆಸರಿನ ಆಲ್ಬಂ ಬಂದದ್ದೇ ಅದೇ ವರ್ಷದ ಡಿಸೆಂಬರಿನಲ್ಲಿ. ಹಾಡು ಬೇಕಿದ್ದವರು 1982ರ ಎರಡನೇ ಸಂಪುಟ ಕೇಳಿ.

ಬೀಟಲ್ಸ್‌ನದು ಕೆಂಪು ಮತ್ತು ನೀಲಿ ಹೊದಿಕೆಯ ಎರಡು ಸಂಕಲನಗಳಿವೆ. ಒಂದೊಂದರಲ್ಲೂ ಎರಡು ಬಗೆ ಎಂದು ವಿಂಗಡಿಸುತ್ತೇವೆ. 1973ರವು ಎರಡು ತಟ್ಟೆಗಳವು, ಕೆಂಪಿನಲ್ಲಿ 26 ಹಾಡು, ನೀಲಿಯಲ್ಲಿ 28. 2023ರವು ಮೂರು ತಟ್ಟೆಗಳವು, ಹೆಚ್ಚುವರಿ ಹಾಡುಗಳು ಮೂರನೆಯದರಲ್ಲಿ. ಹಳೆಯ ಮನೆಗಳಿಂದ ಬರುವ, ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ತಯಾರಾದ ರೆಕಾರ್ಡುಗಳ ಚೀಟಿಯಲ್ಲಿ ಅದನ್ನೂ ಬರೆಯುತ್ತೇವೆ, ಅವುಗಳನ್ನೇ ಹುಡುಕುವವರು ಇದ್ದಾರೆ. ಬಾಬ್ ಡಿಲನ್‌ನ 1967ರ ಸಂಕಲನಕ್ಕೆ ಮಿಲ್ಟನ್ ಗ್ಲೇಸರ್ ಬಿಡಿಸಿದ ಬಣ್ಣಗೂದಲಿನ ಪೋಸ್ಟರ್ ಒಳಗಿದ್ದರೆ ಒಂದು ಬೆಲೆ, ಹಿಂದಿನ ಮಾಲೀಕರು ಗೋಡೆಗೆ ಅಂಟಿಸಿಬಿಟ್ಟಿದ್ದರೆ ಇನ್ನೊಂದು.

ಸೊಟ್ಟಗಾದ ಅಥವಾ ಮುಳ್ಳು ಹಾರುವ ರೆಕಾರ್ಡನ್ನು ಈಗಿನಂತೆಯೇ ಒಂದು ವಾರದೊಳಗೆ ಬದಲಿಸಿಕೊಡುತ್ತೇವೆ. ‘ನಾನಂದುಕೊಂಡ ಹಾಡು ಇದರಲ್ಲಿಲ್ಲ’ ಎಂಬ ಕಾರಣಕ್ಕೆ ಮಾತ್ರ ಇನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಪಟ್ಟಿ ಚೀಟಿಯಲ್ಲೇ ಇರುತ್ತದೆ. ಬಳಸಿದ್ದನ್ನು ಕೊಳ್ಳುವವರು ಪ್ರತಿ ಬದಿಯ ಕೊನೆಯ ಹಾಡನ್ನು ಅಂಗಡಿಯ ಪ್ಲೇಯರಿನಲ್ಲಿ ಹಾಕಿಸಿ ಕೇಳಿ. ಸವೆತ ಮೊದಲು ಗೊತ್ತಾಗುವುದು ಅಲ್ಲಿ. ಅಂಚೆಯಲ್ಲಿ ತರಿಸಿಕೊಳ್ಳುವವರು ಆರ್ಡರ್ ಕೊಡುವಾಗ ತಂಡದ ಹೆಸರಿನ ಜೊತೆಗೆ ವರ್ಷ ಮತ್ತು ತಟ್ಟೆಗಳ ಸಂಖ್ಯೆ ಬರೆಯಿರಿ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯ. ಆವೃತ್ತಿ ಬದಲಿಸಿಕೊಳ್ಳುವುದಾದರೆ ಈ ತಿಂಗಳ ಕೊನೆಯೊಳಗೆ ತಿಳಿಸಿ.

ಇತಿ,
ಅಂಗಡಿಯ ಬಳಗ
ಬೆಂಗಳೂರು