ಈಜು ಬಂದರೂ ಹತ್ತೋಕಾಗದ ಹೊಂಡ: ಕೋಲಾರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಕೋಲಾರ ತಾಲ್ಲೂಕಿನಲ್ಲಿ ಟೊಮೇಟೊ ಬೆಳೆಯುವವಳು. ವಯಸ್ಸು 47. ಈಜು ಚೆನ್ನಾಗಿ ಬರುತ್ತದೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋದ ವರ್ಷ ಮಾರ್ಚ್‌ನಲ್ಲಿ ಮಳೆ ನೀರು ಹಿಡಿದಿಡೋಕೆ ತೋಡಿಸಿದ ನಮ್ಮದೇ ಕೃಷಿ ಹೊಂಡದಲ್ಲಿ ನನ್ನ ಕಥೆ ಮುಗಿಯುವುದರಲ್ಲಿತ್ತು.

ಬೆಳಿಗ್ಗೆ ಮೋಟಾರ್ ಹಾಕಿದರೆ ನೀರು ಎತ್ತಲಿಲ್ಲ. ಪೈಪಿನ ತಳದ ಫುಟ್‌ವಾಲ್ವ್‌ಗೆ ಪಾಚಿ ಮೆತ್ತಿಕೊಂಡಿರಬೇಕು ಅಂತ ಪೈಪ್ ಎಳೆಯೋಕೆ ಬಗ್ಗಿದೆ. ಕಾಲು ಜಾರಿತು. ಬಿದ್ದಾಗ ಭಯವೇನೂ ಆಗಲಿಲ್ಲ, ನಗು ಬಂತು. ನಾಲ್ಕು ಸಲ ಕೈ ಬೀಸಿ ದಡಕ್ಕೆ ಬಂದೆ. ಹತ್ತೋಣ ಅಂತ ಕಾಲಿಟ್ಟರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟು ಎಣ್ಣೆ ಸವರಿದ ಹಾಗೆ ಜಾರುತ್ತಿದೆ. ಮೊಣಕೈ ಊರಿದೆ, ಜಾರಿದೆ. ಬೋರಲು ಬಿದ್ದು ತೆವಳಿದೆ. ಒಂದು ಮೊಳ ಮೇಲೆ ಬಂದು ಮತ್ತೆ ಸರ್ರನೆ ಕುತ್ತಿಗೆವರೆಗೆ ನೀರಿಗೆ. ಉಗುರು ಊರೋಕೂ ಅಲ್ಲಿ ಏನೂ ಇಲ್ಲ. ನೀರು ಅರ್ಧಕ್ಕೆ ಇಳಿದಿತ್ತು, ಹಾಗಾಗಿ ಅಂಚು ತಲೆಗಿಂತ ಮೇಲಿತ್ತು. ಪೈಪ್ ಹಿಡಿದು ಜಗ್ಗಿದೆ. ಜಾಯಿಂಟ್ ಕಳಚಿ ಕೈಗೇ ಬಂತು. ಸೀರೆ ಕಾಲಿಗೆ ಸುತ್ತಿಕೊಂಡಿತು. ಆಗ ಭಯ ಆಯಿತು.

ಅಷ್ಟರಲ್ಲಿ ಪಕ್ಕದ ತೋಟದ ಹುಡುಗ ಹಸು ಹಿಡಿದುಕೊಂಡು ಬಂದ. ಆರನೇ ಕ್ಲಾಸು. "ದೊಡ್ಡಮ್ಮಾ" ಅಂತ ಓಡಿ ಬಂದವನೇ ಅಂಚಿನಲ್ಲಿ ಕೂತು ಕೈ ಚಾಚಿದ. "ಹತ್ರ ಬರಬೇಡ ಕಣೋ! ಹಸು ಹಗ್ಗ ಬಿಚ್ಚು, ಬೇವಿನ ಮರಕ್ಕೆ ಕಟ್ಟು, ಇನ್ನೊಂದು ತುದಿ ಎಸಿ" ಅಂತ ಕೂಗಿದೆ. ಮೊದಲ ಸಲ ಎಸೆದದ್ದು ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಸಗಣಿ ವಾಸನೆಯ ಆ ಹಗ್ಗ ಹಿಡಿದು ಮೇಲೆ ಬಂದೆ. ಹಸು ಟೊಮೇಟೊ ಸಾಲಿಗೆ ನುಗ್ಗಿ ಕಡ್ಡಿಗಳನ್ನೆಲ್ಲಾ ಕೆಡವಿತ್ತು. ಕೆಡವಲಿ ಬಿಡಿ.

ಅವನಿಗೆ ಈಜು ಬರಲ್ಲ. ನಾನು ಆ ಕೈ ಹಿಡಿದಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಒಬ್ಬರನ್ನು ಎತ್ತೋಕೆ ಹೋಗಿ ಅಣ್ಣ ತಮ್ಮ, ತಾಯಿ ಮಗ ಜೊತೆಯಲ್ಲೇ ಹೋದ ಸುದ್ದಿ ಪೇಪರ್‌ನಲ್ಲಿ ನೀವೂ ಓದಿರುತ್ತೀರಿ, ಅಲ್ವಾ? ಇನ್ನೊಂದು ಮಾತು. ನಾನು ಕೂಗಿದ್ದು ತೇಲೋಕೆ ಬರುತ್ತಿದ್ದರಿಂದ. ಮುಳುಗುವವರು ಸಿನಿಮಾದಲ್ಲಿ ಮಾಡುವ ಹಾಗೆ ಕಿರುಚುವುದಿಲ್ಲ. ಉಸಿರಿಗೇ ಬಿಡುವಿಲ್ಲದಾಗ ದನಿ ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ, ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿದುಹೋಗಬಹುದು. ಹತ್ತು ಮಾರು ದೂರದಲ್ಲಿ ಕಳೆ ಕೀಳುತ್ತಿರುವವರಿಗೂ ಗೊತ್ತಾಗಲ್ಲ.

ನನಗೆ ಈಜು ಕಲಿಸಿದ್ದು ನಮ್ಮ ತಾತ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ತಳ್ಳುತ್ತಿದ್ದರು. ಆ ಬಾವಿಯ ಗೋಡೆಯಿಂದ ಕಲ್ಲು ಚಪ್ಪಡಿಗಳು ಹೊರಗೆ ಚಾಚಿರುತ್ತಿದ್ದವು, ಹತ್ತಿ ಬರೋಕೆ. ಬಾವಿ ತೋಡಿದವರು ಇಳಿಯುವವರ ಬಗ್ಗೆಯೂ ಯೋಚಿಸಿದ್ದರು. ಆಮೇಲೆ ಬೋರ್‌ವೆಲ್ ಬಂತು, ಬಾವಿ ಬತ್ತಿತು, ಕೆರೆ ಒಣಗಿತು. ಒಂದು ತಲೆಮಾರಿನ ಮಕ್ಕಳು ಮೊಣಕಾಲುದ್ದ ನೀರೂ ನೋಡದೆ ಬೆಳೆದರು. 2014ರಿಂದ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಗಳು ಬಂದವು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬಂತು. ನೀರು ವಾಪಸ್ ಬಂತು ಸ್ವಾಮಿ, ಈಜು ವಾಪಸ್ ಬರಲಿಲ್ಲ.

ಹೊಂಡ ಬೇಡ ಅನ್ನುತ್ತಿಲ್ಲ. ನಮ್ಮ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಅದಿಲ್ಲದಿದ್ದರೆ ಬೇಸಿಗೆ ಬೆಳೆಯೇ ಇಲ್ಲ. ಈಚೆಗೆ ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿದೆ, ಒಳ್ಳೆಯದೇ. ಆದರೆ ಹಳೆಯ ಹೊಂಡಗಳ ಗತಿ? ಕೇಳೋಕೆ ಅಂತ ಒಂದು ಕಚೇರಿಗೆ ಹೋದೆ. "ನಿಮ್ಮ ಹೊಂಡ, ನಿಮ್ಮ ಜವಾಬ್ದಾರಿ ಕಣಮ್ಮಾ" ಅಂದರು. ಅರ್ಧ ನಿಜ, ಒಪ್ಪುತ್ತೇನೆ. ಹತ್ತು ವರ್ಷ ನಾನೂ ಒಂದು ಹಗ್ಗ ಕಟ್ಟಿರಲಿಲ್ಲ.

ಬೇಲಿಯೊಂದೇ ಸಾಲದು. ಬೇಲಿ ಬೀಳುವುದನ್ನು ತಡೆಯುತ್ತದೆ, ಬಿದ್ದವರನ್ನು ಎತ್ತುವುದಿಲ್ಲ. ಬೇಲಿಯೊಳಗೆ ಮೋಟಾರ್ ಹತ್ತಿರ ಹೋಗುವವರು ನಾವೇ ತಾನೇ? ಪ್ರತಿ ಹೊಂಡದ ಎರಡು ಕಡೆ, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೆ ಇಳಿಬಿಟ್ಟಿರಬೇಕು. ದಡದಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನು, ಅದಕ್ಕೊಂದು ಉದ್ದ ಹಗ್ಗ, ಎಸೆಯೋಕೆ. ನಾನು ಹಳೇ ಟೈರುಗಳನ್ನೂ ಸರ ಮಾಡಿ ಇಳಿಬಿಟ್ಟಿದ್ದೇನೆ, ಮೆಟ್ಟಿಲ ಹಾಗೆ ಆಗುತ್ತದೆ. ಟೈರು ಪಂಚರ್ ಅಂಗಡಿಯವರು ಸುಮ್ನೆ ಕೊಟ್ಟರು.

ಸಹಾಯಧನದ ಬಿಲ್ ಆಗಬೇಕಾದರೆ ಹೊಂಡದ ಫೋಟೊ ತೆಗೆಯುತ್ತಾರಲ್ಲ, ಆ ಫೋಟೊದಲ್ಲಿ ಹಗ್ಗವೂ ಕಾಣಬೇಕು ಅಂತ ಒಂದು ಸಾಲು ಸೇರಿಸಿ. ನಮ್ಮ ಜನ ಫೋಟೊಗಾದರೂ ಕಟ್ಟುತ್ತಾರೆ. ಹಳೆಯ ಹೊಂಡಗಳನ್ನು ಪಂಚಾಯಿತಿಯವರು ಒಂದು ಸುತ್ತು ನೋಡಿ ಬರಲಿ.

ಕೆರೆಯದ್ದು ಬೇರೆ ಗೋಳು. ಬತ್ತಿದಾಗ ಜೆಸಿಬಿ ಇಳಿಸಿ ಮಣ್ಣು ತೆಗೆದ ಗುಂಡಿಗಳು ಈಗ ನೀರಿನಡಿ ಇವೆ. ಸೊಂಟದುದ್ದ ನೀರಲ್ಲಿ ನಡೆಯುತ್ತಿದ್ದವರ ಕಾಲಿಗೆ ಮುಂದಿನ ಹೆಜ್ಜೆಯಲ್ಲಿ ನೆಲವೇ ಸಿಗಲ್ಲ. ಗುಂಡಿ ಎಲ್ಲೆಲ್ಲಿವೆ ಅಂತ ಊರಿನ ಕುರಿ ಕಾಯುವವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ, ನೀರು ಇಳಿದಾಗ ಕಂಬ ನೆಡಿಸಿ, ಕೆಂಪು ಬಣ್ಣ ಬಳಿಸಿ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಗುತ್ತದೆ, ಮಕ್ಕಳೆಲ್ಲಾ ತೋಟದಲ್ಲೇ ಇರುತ್ತಾರೆ. ಹಗ್ಗದ ಆದೇಶ ಅದಕ್ಕೂ ಮುಂಚೆ ಬರಲಿ. ನೋಡಬೇಕು ಅಂದರೆ ನಮ್ಮ ಹೊಂಡಕ್ಕೆ ಬನ್ನಿ, ಇಳಿದು ಹತ್ತಿ ತೋರಿಸುತ್ತೇನೆ.

ಇಂತಿ,
ಕೋಲಾರ ತಾಲ್ಲೂಕಿನ ಒಬ್ಬ ರೈತ ಮಹಿಳೆ