ಟೆನಿಸ್ ಆಡುವ ಮಗಳಿಗೊಂದು ಪತ್ರ

ಬದಿಯಡ್ಕ, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಳುವಾಗ "ಹೋಗ್ಲಿ ಬಿಡು, ತಲೆಗೆ ಹಚ್ಕೊಳ್ಬೇಡ" ಅಂದುಬಿಟ್ಟೆ. ನೀನು ಫೋನಿಟ್ಟೆ. ಆಮೇಲೆ ಅಡಿಕೆ ಸುಲಿಯಲು ಕೂತರೂ ಮನಸ್ಸು ಅಲ್ಲೇ. ನೀನು ಸರ್ವ್ ಮಾಡಲು ಚೆಂಡು ಮೇಲಕ್ಕೆಸೆದಾಗಲೆಲ್ಲ ಗ್ಯಾಲರಿಯಲ್ಲಿದ್ದವರು "ಕಾಕ್ಕ, ಕಾಕ್ಕ" ಅಂತ ಕೂಗಿದರಂತೆ. ಮಲಯಾಳದಲ್ಲಿ ಕಾಗೆಗೆ ಕಾಕ್ಕ ಅನ್ನೋದು ನಮ್ಮೂರಿನ ಮೂರು ವರ್ಷದ ಮಗುವಿಗೂ ಗೊತ್ತು. ಅಂಪೈರ್ ಸುಮ್ನೆ ಕೂತಿದ್ದರಂತೆ.

ನಿನ್ನ ಗೋಡೆಯಲ್ಲಿ ಸೆರೆನಾ ವಿಲಿಯಮ್ಸ್ ಫೋಟೋ ಇದೆ ಅಲ್ವಾ? 2001ರಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್‌ನಲ್ಲಿ ನಡೆದ ಟೂರ್ನಿಯಲ್ಲಿ ಅವಳಿಗೂ ಅಕ್ಕ ವೀನಸ್‌ಗೂ ಸೆಮಿಫೈನಲ್ ಇತ್ತು. ಮಂಡಿನೋವು ಅಂತ ವೀನಸ್ ಕೊನೇ ಗಳಿಗೆಯಲ್ಲಿ ಆಡಲಿಲ್ಲ. ಇದೆಲ್ಲ ಅಪ್ಪ ರಿಚರ್ಡ್‌ನ ನಾಟಕ ಅಂತ ಗುಸುಗುಸು. ಫೈನಲ್ ದಿನ ಅಪ್ಪ, ಅಕ್ಕ ಮೆಟ್ಟಿಲಿಳಿದು ಬರುವಾಗ ಇಡೀ ಸ್ಟೇಡಿಯಂ ಅಣಕಿಸಿ ಕೂಗಿತು. ಬಣ್ಣ ಹಿಡಿದು ಬೈದರು ಅಂತ ರಿಚರ್ಡ್ ಆಮೇಲೆ ಹೇಳಿದ. ದುಡ್ಡು ಕೊಟ್ಟು ಬಂದವರಿಗೆ ಸಿಟ್ಟು ಬರಬಹುದು, ಸರಿ. ಆ ಸಿಟ್ಟಿಗೂ ಚರ್ಮಕ್ಕೂ ಏನು ಸಂಬಂಧ? ಸೆರೆನಾಗೆ ಆಗ 19, ನಿನ್ನದೇ ಪ್ರಾಯ. ಅವಳು ತಪ್ಪಿದರೆ ಚಪ್ಪಾಳೆ. ಆದರೂ ಕಿಮ್ ಕ್ಲೈಸ್ಟರ್ಸ್ ವಿರುದ್ಧ 4-6, 6-4, 6-2ರಲ್ಲಿ ಗೆದ್ದಳು.

ನಂಗೆ ಹಿಡಿಸಿದ್ದು ಗೆದ್ದದ್ದಲ್ಲ. ಆಮೇಲೆ 14 ವರ್ಷ ಅವಳು ಆ ಟೂರ್ನಿಗೆ ಕಾಲಿಡಲಿಲ್ಲ. ಹೋಗ್ಲಿ ಬಿಡು ಅನ್ನಲಿಲ್ಲ. 2015ರಲ್ಲಿ ತಾನಾಗಿ ಹೋದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವಳು ಕಣ್ಣೊರೆಸಿಕೊಂಡಳು. ವೀನಸ್ ಹೋದದ್ದು ಅದರ ಮರುವರ್ಷ.

ಇನ್ನೊಂದು ಮಾತು. ಬರೆಯಲು ಕಷ್ಟ ಆಗ್ತಿದೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಬಿಸಿಲಲ್ಲಿ ಆಡಿ ಬಂದರೆ "ಹೀಗೆ ಕಪ್ಪಾದ್ರೆ ಯಾರು ಕಟ್ಟಿಕೊಳ್ತಾರೆ" ಅಂತ ಕಡ್ಲೆಹಿಟ್ಟು, ಅರಿಶಿನ ಕಲಸಿ ಮುಖಕ್ಕೆ ತಿಕ್ಕಿದವಳು ನಾನೇ. ಉರೀತದೆ ಅಂತ ನೀನು ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿರುತ್ತಿದ್ದೆ. ಅವರು ಗ್ಯಾಲರಿಯಲ್ಲಿ ಕೂಗಿದ್ದನ್ನು ನಾನು ಜಗಲಿಯಲ್ಲಿ ಮೆತ್ತಗೆ ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ತಪ್ಪಾಯ್ತು ಮಗಳೇ.

ಮುಂದಿನ ತಿಂಗಳು ಅದೇ ಕೋರ್ಟಿಗೆ ಹೋಗ್ತೀಯೋ ಬಿಡ್ತೀಯೋ, ನಿಂಗೆ ಬಿಟ್ಟದ್ದು. ಹೋಗುವುದಾದರೆ ಹೇಳು, ಮೊದಲ ಬಸ್ಸಿಗೇ ಹೊರಟು ಬರ್ತೇನೆ. ಮಾಂಬಳ ಒಣಗಿದೆ, ಕಟ್ಟಿ ತರ್ತೇನೆ.

ನಿನ್ನ,
ಅಮ್ಮ