ಪುಟ್ಟಿಗೆ, ಆನೆಯ ಉಗುರಿನ ವಿಷಯವಾಗಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಜರ್ಮನಿಯಲ್ಲಿ ನಿನ್ನ ಕೆಲಸ, ಚಳಿ, ಮನೆ ಬಾಡಿಗೆ ಎಲ್ಲ ಅಕ್ಕನ ಬಾಯಲ್ಲಿ ಕೇಳಿದ್ದೇ. ಅದಕ್ಕೆ ನಾನೇನೂ ಬರೆಯುವುದಿಲ್ಲ. ಆದರೆ ಪತ್ರದ ಕೊನೆಗೆ, ಸಹಿಯ ಮೇಲೆ ಒಂದು ಮಾತು ತುರುಕಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಸಂಜೆಯಾದರೆ ಟಿವಿಯಲ್ಲಿ ಪ್ರಾಣಿಗಳನ್ನೇ ನೋಡುತ್ತೀಯಂತೆ. ಆಫೀಸಿನವರು ಕರೆದರೂ ಹೋಗುವುದಿಲ್ಲವಂತೆ. ಆನೆಯ ಉಗುರು ಉಜ್ಜುವುದನ್ನು ನೋಡಿ ಅಳು ಬಂತಂತೆ. "ಮಾವ, ನನಗೆ ಮನುಷ್ಯರು ಬೇಡವಾಗುತ್ತಿದ್ದಾರಾ?" ಅಂತ ಕೇಳಿದ್ದೀಯ.

"ಹಾಗೇನಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅಂತ ಬರೆದು, ಹರಿದು ಹಾಕಿದೆ. ಹಾಗೆ ಹೇಳುವವರು ಕೇಳಿದ್ದನ್ನು ಕಿವಿಗೇ ಹಾಕಿಕೊಂಡಿರುವುದಿಲ್ಲ.

ನೀನು ನೋಡುವುದು 'ಎಲೆಫಾಂಟ್, ಟೀಗರ್ ಉಂಟ್ ಕೋ', ಅಂದರೆ 'ಆನೆ, ಹುಲಿ ಮತ್ತು ಬಳಗ' ತಾನೇ? ಎಂಡಿಆರ್ ಅನ್ನುವ ಅಲ್ಲಿಯ ಚಾನೆಲ್ಲಿನದು, ನಿನ್ನ ಲೈಪ್‌ಜಿಗ್ ಝೂನಲ್ಲೇ ತೆಗೆಯುವುದು. 2003ರಲ್ಲಿ ಶುರುವಾಯಿತು. ಅದು ಗೆದ್ದದ್ದೇ ತಡ, ಬರ್ಲಿನ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಎಲ್ಲ ಕಡೆಯ ಝೂಗಳಿಗೂ ಒಂದೊಂದು 'ಉಂಟ್ ಕೋ' ಹುಟ್ಟಿಕೊಂಡಿತು. ನಾನೂ ನೋಡಿದ್ದೇನೆ. ಅದರಲ್ಲಿ ಸಿಂಹ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಒಬ್ಬ ಬೂಟು ಹಾಕಿಕೊಂಡು ಬರುತ್ತಾನೆ, ಲದ್ದಿ ಬಾಚುತ್ತಾನೆ. ಆನೆ ಕಂಬಿಯ ಮೇಲೆ ಕಾಲಿಡುತ್ತದೆ, ಅವನು ಅರ ಹಿಡಿದು ಉಗುರು ಉಜ್ಜುತ್ತಾನೆ. ನಾನು ಫಿಟ್ಟರ್ ಆಗಿದ್ದವನಲ್ವಾ, ನನ್ನ ಕಣ್ಣು ಮೊದಲು ಹೋಗುವುದು ಅವನ ಕೈಗೆ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತು, ಹಿಂದಕ್ಕೆ ತರುವಾಗ ಸಡಿಲ. ಕೆಲಸ ಬಲ್ಲವನ ಕೈ. ಬಾಯಲ್ಲಿ ಮಾತ್ರ ಆ ಕಡೆಯ ಸ್ಯಾಕ್ಸನ್ ಜರ್ಮನ್ ಆಡುಮಾತಿನಲ್ಲಿ ಆನೆಗೆ ಏನೋ ಗೊಣಗುತ್ತಲೇ ಇರುತ್ತಾನೆ.

ಪುಟ್ಟಿ, ನಿನಗೆ ಅಳು ಬಂದದ್ದು ಆನೆಯನ್ನು ನೋಡಿಯೋ, ಆ ಮನುಷ್ಯನನ್ನು ನೋಡಿಯೋ? ನನಗೇನೋ ಎರಡನೆಯದೇ ಅನ್ನಿಸುತ್ತದೆ. ಮನುಷ್ಯರೇ ಬೇಡವಾದವಳಿಗೆ ಅವನ ಗೊಣಗಾಟ ಬೇಸರವಾಗಬೇಕಿತ್ತು. ನೀನು ಅದನ್ನೂ ಪತ್ರದಲ್ಲಿ ಬರೆದಿದ್ದೀಯ.

ನಾನು ಫ್ರಾಂಕ್‌ಫರ್ಟಿಗೆ ಕೆಲಸಕ್ಕೆ ಹೋದಾಗ ಟಿವಿಯಲ್ಲಿ ಮೂರೇ ಚಾನೆಲ್. ಬರ್ನ್‌ಹಾರ್ಡ್ ಗ್ರ್ಜಿಮೆಕ್ ಅಂತ ಒಬ್ಬರು ಬರುತ್ತಿದ್ದರು. ಯುದ್ಧದಲ್ಲಿ ಹಾಳಾಗಿದ್ದ ಆ ಊರಿನ ಝೂವನ್ನು 1945ರಿಂದ ನಿಂತು ಕಟ್ಟಿದವರು. 'ಐನ್ ಪ್ಲಾಟ್ಸ್ ಫ್ಯೂರ್ ಟೀರೆ', ಪ್ರಾಣಿಗಳಿಗೊಂದು ಜಾಗ, ಅಂತ ಅವರ ಕಾರ್ಯಕ್ರಮ, 1956ರಲ್ಲಿ ಶುರುವಾದದ್ದು. ಸೂಟು ಟೈ ಹಾಕಿ ಮೇಜಿನ ಹಿಂದೆ ಕೂತಿರುತ್ತಿದ್ದರು. ಪಕ್ಕದಲ್ಲಿ ಒಂದು ಚೀತಾನೋ ಕೋತಿಮರಿಯೋ. ಅದು ಅವರ ತಲೆ ಮೇಲೆ ಹತ್ತಲಿ, ಕಾಗದ ಎಳೆಯಲಿ, ಅವರ ಮಾತು ಮಾತ್ರ ಅದೇ ನಿಧಾನ. "ಗುಟೆನ್ ಆಬೆಂಡ್, ಮೈನೆ ಲೀಬೆನ್ ಫ್ರಾಯಿಂಡೆ" ಅಂತ ಶುರು. ನನ್ನ ಪ್ರೀತಿಯ ಸ್ನೇಹಿತರೇ ಅಂತ ಆ ದೇಶದಲ್ಲಿ ನನ್ನನ್ನು ಕರೆದವರು ಬೇರೆ ಯಾರೂ ಇರಲಿಲ್ಲ, ತಮಾಷೆಗೆ ಹೇಳುತ್ತಿಲ್ಲ. ಅವರ ಮಗ 1959ರಲ್ಲಿ ಆಫ್ರಿಕಾದ ಸೆರೆಂಗೆಟಿ ಕಾಡಿನ ಮೇಲೆ ವಿಮಾನ ಹಾರಿಸುತ್ತಾ ರಣಹದ್ದಿಗೆ ಡಿಕ್ಕಿ ಹೊಡೆದು ತೀರಿಹೋಗಿದ್ದ. ಅಷ್ಟಾದ ಮೇಲೂ ಈ ಅಪ್ಪ ಅದೇ ಪ್ರಾಣಿಗಳಿಗೋಸ್ಕರ ಜನರ ಹತ್ತಿರ ದುಡ್ಡು ಕೇಳುತ್ತಲೇ ಇದ್ದರು. ಅದು ಗೊತ್ತಾದ ಮೇಲೆ ಅವರ ನಿಧಾನದ ಮಾತು ನನಗೆ ಬೇರೆ ಥರ ಕೇಳಿಸತೊಡಗಿತು.

ರಜೆಗೆ ಮೈಸೂರಿಗೆ ಬಂದಾಗ ಅಮ್ಮ ಕೇಳುತ್ತಿದ್ದಳು, ಸಂಜೆ ಹೊತ್ತು ಏನು ಮಾಡ್ತೀಯೋ ಅಂತ. ನಾನು "ಓವರ್‌ಟೈಮ್" ಅನ್ನುತ್ತಿದ್ದೆ. ಬೆಳೆದ ಗಂಡಸು ಒಬ್ಬನೇ ಕೂತು ಮರಕುಟಿಗ ನೋಡುತ್ತೇನೆ ಅಂತ ಹೇಗೆ ಹೇಳುವುದು? ಮರಕುಟಿಗ ಅಂದರೆ ಹೈಂಟ್ಸ್ ಜೀಲ್ಮನ್ ಅಂತ ಒಬ್ಬರು ತೆಗೆದ ಚಿತ್ರ, ಮರದ ಪೊಟರೆಯ ಒಳಗಿನ ಗೂಡನ್ನೇ ತೋರಿಸಿದ್ದರು. ನಿನ್ನ ಅಜ್ಜಿ ಹಿತ್ತಿಲ ಸೀಬೆಮರದ ಕೆಳಗೆ ಕೂತು ಅಳಿಲುಗಳ ಜಗಳವನ್ನು ನಮಗೆಲ್ಲ ವರದಿ ಮಾಡುತ್ತಿದ್ದವಳು. ಯಾವುದು ಅತ್ತೆ, ಯಾವುದು ಸೊಸೆ ಅಂತ ಕೂಡ ಹೇಳುತ್ತಿದ್ದಳು. ಅವಳಿಗೆ ಆ ಗೂಡಿನ ಕತೆ ಹೇಳಿದ್ದರೆ ರಾತ್ರಿಯಿಡೀ ಕೇಳುತ್ತಿದ್ದಳು. ಮಗ ದುಡಿದು ದುಡಿದು ಸಣ್ಣಗಾದ ಅಂತ ನೊಂದುಕೊಂಡೇ ಹೋದಳು.

ಅದಕ್ಕೇ ನಿನ್ನ ಆ ಮಾತು ನನ್ನನ್ನು ಚುಚ್ಚಿದ್ದು. ನೋಡುವುದಕ್ಕಲ್ಲ, ಮುಚ್ಚಿಡುವುದಕ್ಕೆ ನಾನು ಹೆದರುತ್ತೇನೆ. "ಅಮ್ಮನಿಗೆ ಹೇಳಬೇಡಿ" ಅಂತ ಬೇರೆ ಬರೆದಿದ್ದೀಯ.

ಕಾರ್ಖಾನೆಯಲ್ಲೂ ಹಾಗೇ ಬಾಯಿ ಮುಚ್ಚಿಕೊಂಡಿದ್ದೆ ಅಂದುಕೊಳ್ಳಬೇಡ. ಹೋರ್ಸ್ಟ್ ಸ್ಟೆರ್ನ್ ಅಂತ ಒಬ್ಬ ಪತ್ರಕರ್ತರು 1971ರ ಕ್ರಿಸ್ಮಸ್ ಹಿಂದಿನ ರಾತ್ರಿ, ಜನ ಮರದ ಮುಂದೆ ಹಾಡು ಹೇಳುವ ಹೊತ್ತಿನಲ್ಲಿ, ಕಾಡಿನಲ್ಲಿ ಜಿಂಕೆ ಜಾಸ್ತಿಯಾಗಿ ಎಳೆ ಮರಗಳನ್ನು ತಿಂದು ಮುಗಿಸುತ್ತಿವೆ, ಇನ್ನಷ್ಟು ಹೊಡೆಯಬೇಕು ಅಂತ ಟಿವಿಯಲ್ಲಿ ಹೇಳಿದ್ದರು. ವರ್ಷಗಳ ಮೇಲೂ ನಮ್ಮ ಕ್ಯಾಂಟೀನಿನಲ್ಲಿ ಅದಕ್ಕೆ ಜಗಳ ನಡೆಯುತ್ತಿತ್ತು. ಒಂದು ದಿನ ಬೇಟೆಗೆ ಹೋಗುವ ಒಬ್ಬ ನನ್ನ ಕಡೆ ತಿರುಗಿ, "ನಿಮ್ಮೂರಲ್ಲಿ ಜಿಂಕೆಯನ್ನು ಹುಲಿ ತಿನ್ನುತ್ತದಲ್ಲ, ನೀನೇ ಹೇಳು" ಅಂದ. ಬಂಡೀಪುರದ ಬಗ್ಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎಲ್ಲ ಹೇಳಿದೆ. ನನ್ನ ಜರ್ಮನ್ ಭಾಷೆಗೆ ಅವತ್ತು ಯಾರೂ ನಗಲಿಲ್ಲ, ಎಲ್ಲರಿಗೂ ಹುಲಿಯೇ ಬೇಕಾಗಿತ್ತು.

ಈಗಲೂ ಹಾಗೇ. ಇಲ್ಲಿ ಮೈಸೂರಿನ ಝೂಗೆ 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದವಲ್ಲ, ಥಾಬೊ, ಡೆಂಬಾ, ಅವನ್ನು ನೋಡಲು ಹೋಗಿ "ಗುಟೆನ್ ಟಾಗ್" ಅಂದೆ. ಅವು ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಕೆಲಸದವನು ನಕ್ಕ. ಅವನ ಜೊತೆ ಹರಟೆಯಲ್ಲಿ ಮಧ್ಯಾಹ್ನವೇ ಕಳೆಯಿತು.

ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಆಫೀಸಿನವರು ಕರೆದಾಗಲೆಲ್ಲ ಬೇಡ ಅನ್ನುವುದು ನನಗೂ ಸರಿ ಕಾಣುತ್ತಿಲ್ಲ. ಆಮೇಲೆ ಅವರು ಕರೆಯುವುದನ್ನೇ ಬಿಡುತ್ತಾರೆ. ಹಾಗಂತ ಬಿಯರ್ ಮುಂದೆ ಎರಡು ಗಂಟೆ ಕೂರು ಅಂತಲೂ ಹೇಳಲಾರೆ, ನನಗೇ ಆಗುತ್ತಿರಲಿಲ್ಲ. ಆ ಝೂ ನಿನ್ನ ಊರಲ್ಲೇ ಇದೆಯಲ್ಲೇ, ಒಬ್ಬರನ್ನಾದರೂ ಕರೆದುಕೊಂಡು ಹೋಗಬಾರದಾ? ಅಲ್ಲಿ 2011ರಲ್ಲಿ ಗೊಂಡ್ವಾನಾಲಾಂಡ್ ಅಂತ ಮಾಡಿದ್ದಾರೆ, ಗಾಜಿನಂಥ ಸೂರಿನ ಕೆಳಗೆ ಇಡೀ ಕಾಡು. ಹೊರಗೆ ಹಿಮ ಬಿದ್ದಿರಲಿ, ಒಳಗೆ ಕೋಟು ಬಿಚ್ಚಬೇಕು. ಪಾಲಕರು ಪ್ರಾಣಿಗಳ ಮುಂದೆ ನಿಂತು ಮಾತಾಡುವ ಹೊತ್ತೂ ಇರುತ್ತದೆ. ಅವರಿಗೆ ಒಂದು ಪ್ರಶ್ನೆ ಕೇಳು. ಆಗದಿದ್ದರೆ ಬಿಡು, ಸುಮ್ನೆ ನಿಂತು ಬಾ.

ಇನ್ನೊಂದು. ಸ್ಯಾಕ್ಸನ್ ಮಾತು ಅರ್ಥವಾಗದಿದ್ದರೆ ಟೆಲಿಟೆಕ್ಸ್ಟಿನಲ್ಲಿ 150 ಒತ್ತು, ಕೆಳಗೆ ಅಕ್ಷರ ಬರುತ್ತದೆ. ಈಗ ರಿಮೋಟಿನಲ್ಲಿ ಅದಕ್ಕೇ ಬಟನ್ ಇದೆಯೋ ಏನೋ, ನನ್ನದು ಹಳೇ ಕಾಲದ ಲೆಕ್ಕ.

ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತೀಯಲ್ಲ, ಊಟ ಆಯ್ತಾ ಮುಗಿದ ಮೇಲೆ ಆ ಆನೆಯ ಉಗುರಿನ ವಿಷಯ ಹೇಳು. ಅತ್ತದ್ದು ಬೇಕಾದರೆ ಬಿಡು. ಈ ಪತ್ರ ತೋರಿಸುವುದಿದ್ದರೂ ತೋರಿಸು. ನನ್ನ ಓವರ್‌ಟೈಮ್ ಅವಳಿಗೂ ಗೊತ್ತಿಲ್ಲ, ಬೈಯುತ್ತಾಳೆ. ಬೈಯಲಿ.

ಇಂತಿ ನಿನ್ನ
ಮಾವ